ಹುಳದ ಸರ್ಟಿಫಿಕೇಟು

ಹೂಕೋಸಿನಲ್ಲಿ ಹುಳ ಇರಲಿಲ್ಲ. ಎಡವಟ್ಟು ಶುರುವಾಗಿದ್ದೇ ಅಲ್ಲಿಂದ.

ಸಾವಯವ ತರಕಾರಿ ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುತ್ತಿದ್ದವನಿಗೆ ಬೀದಿಯವರು ಇಟ್ಟ ಹೆಸರು ‘ಲೇಬಲ್’. ಯಾರೇ ಬರಲಿ, ಗೋಡೆಗೆ ನೇತುಹಾಕಿದ್ದ ಸರ್ಟಿಫಿಕೇಟನ್ನು ನಂಬರ್ ಸಮೇತ ಓದಿ ಹೇಳುವ ಚಾಳಿ ಅವನದು. ಆ ದಿನ ಬೆಳಿಗ್ಗೆ ಸಾಹುಕಾರರು ನಲವತ್ತು ಹೂಕೋಸು ಜೋಡಿಸಿ ಹೇಳಿದ್ದರು: “ಸಂಜೆ ಆರಕ್ಕೆ ಬರ್ತೀನಿ. ಒಂದೇ ಒಂದು ಉಳಿದಿದ್ರೂ ನಾಳೆಯಿಂದ ನೀನು ಮನೇಲೇ ಇರಪ್ಪ.”

ಮೊದಲ ಎಂಟ್ರಿ ರಿಟೈರ್ಡ್ ಮೇಷ್ಟ್ರದು. ಹೂಕೋಸನ್ನು ಉತ್ತರ ಪತ್ರಿಕೆಯ ಹಾಗೆ ತಿರುಗಿಸಿ ಮುರುಗಿಸಿ ನೋಡಿದರು.

“ಏನಯ್ಯಾ, ಒಂದು ಹುಳಾನೂ ಇಲ್ವಲ್ಲ?”

“ಹೂಂ ಸಾರ್, ಒಂದೂ ಇಲ್ಲ!” ಲೇಬಲ್ ಎದೆಯುಬ್ಬಿಸಿದ.

“ಮತ್ತೆ ಔಷಧಿ ಹೊಡೆದಿಲ್ಲ ಅಂತ ಹೆಂಗೆ ನಂಬೋದು?”

“ರೈತರು ಕೈಯಲ್ಲೇ ಆರಿಸಿ ಆರಿಸಿ ತೆಗೀತಾರೆ ಸಾರ್. ನೋಡಿ, ಸರ್ಟಿಫಿಕೇಟ್ ನಂಬರ್ ಸೊನ್ನೆ ಸೊನ್ನೆ ಏಳು...”

“ಕಾಗದ ಯಾರ್ ಬೇಕಾದ್ರೂ ಪ್ರಿಂಟ್ ಹಾಕ್ತಾರೆ ಕಣೋ. ಹುಳ ಪ್ರಿಂಟ್ ಹಾಕಕ್ಕಾಗುತ್ತಾ?”

ಹಿಂದೆ ನಿಂತಿದ್ದ ಟೈಲರ್ ಆಂಟಿ “ಅಬ್ಬಾ, ಏನ್ ಪಾಯಿಂಟು!” ಎಂದು ಚೀಲ ಮಡಚಿಕೊಂಡರು. ಅವರ ಬಾಯಿಗೆ ಬಿದ್ದ ಮಾತು ಬೀದಿ ಸುತ್ತಲು ಹತ್ತು ನಿಮಿಷ ಸಾಕಾಯಿತು. ಮಧ್ಯಾಹ್ನವಾದರೂ ನಲವತ್ತು ಹೂಕೋಸು ನಲವತ್ತಾಗಿಯೇ ಕೂತಿದ್ದವು, ಮದುವೆಗೆ ಬಂದು ಊಟ ಸಿಗದ ನೆಂಟರ ಹಾಗೆ.

ಎದುರಿಗೆ ತಳ್ಳುಗಾಡಿ ಅಕ್ಕ ಮಾಮೂಲಿ ಹೂಕೋಸು ಮಾರುತ್ತಿದ್ದಳು. ಲೇಬಲ್ ಮೆಲ್ಲಗೆ ಹೋದ.

“ಅಕ್ಕಾ, ಒಂದ್ ಹುಳ ಸಾಲ ಕೊಡ್ತೀಯಾ?”

“ತಗೋ, ದಪ್ಪಂದೇ ತಗೋ. ಮೂರ್ ಸಲ ಔಷಧಿ ಹೊಡೆದ್ರೂ ಜಗ್ಗಿಲ್ಲ. ಹೀರೋ ಕಣೋ ಇದು, ಹೀರೋ!”

ಮುಂದಿನ ಸಾಲಿನ ಹೂಕೋಸಿನ ನೆತ್ತಿಯ ಮೇಲೆ ಹೀರೋ ಕೂತ. ಸಂಜೆಯ ಕಾಫಿಗೆ ಮುಂಚೆ ಒಂದು ಸುತ್ತು ಹೊರಟ ಮೇಷ್ಟ್ರು ಅದನ್ನು ಕಂಡು, ಕನ್ನಡಕ ಏರಿಸಿ, “ಹಾಂ, ಈಗ ನಂಬ್ತೀನಿ!” ಎಂದರು. ಅಷ್ಟೇ! ಮೊದಲ ದಿನದ ಮೊದಲ ಆಟಕ್ಕೆ ನುಗ್ಗುವ ಹಾಗೆ ಜನ ನುಗ್ಗಿದರು. ನೋಡುವುದು ಹುಳವನ್ನು, ಒಯ್ಯುವುದು ಪಕ್ಕದ ಹೂಕೋಸನ್ನು. ನಾಲ್ಕೂವರೆಗೆ ಉಳಿದಿದ್ದು ಒಂದೇ, ಹೀರೋ ಕೂತಿದ್ದು.

“ನಂಗೆ ಅದೇ ಬೇಕು,” ಎಂದು ಟೈಲರ್ ಆಂಟಿ ಎತ್ತಿಕೊಂಡು ಹುಳವನ್ನು ಬೆರಳಲ್ಲಿ ತಿವಿದರು. ಅಲ್ಲಾಡಲಿಲ್ಲ. ಇನ್ನೊಮ್ಮೆ ತಿವಿದರು.

“ಅಯ್ಯಯ್ಯೋ! ಹುಳ ಸತ್ತೋಗಿದೆ!”

ಮೇಷ್ಟ್ರು ಬಗ್ಗಿ ನೋಡಿ ತೀರ್ಪು ಕೊಟ್ಟರು. “ಹುಳಾನೇ ಸತ್ತಿದೆ ಅಂದ್ರೆ ಇನ್ನೆಂಥಾ ವಿಷ ಹೊಡೆದಿರ್ಬೇಡ!”

ಐದೂಮುಕ್ಕಾಲಿಗೆ ಮೂವತ್ತೊಂಬತ್ತೂ ವಾಪಸ್ ಬಂದಿದ್ದವು, ಕೆಲವು ಅರ್ಧ ಹೆಚ್ಚಿದ ಸ್ಥಿತಿಯಲ್ಲಿ.

ಲೇಬಲ್ ಜೋಲುಮುಖ ಹೊತ್ತು ಗಾಡಿಯ ಹತ್ತಿರ ಹೋದ. “ಅಕ್ಕಾ, ನಿನ್ ಹೀರೋ ಯಾಕೆ ಸತ್ತ?”

“ನಿಮ್ದು ನಿಜವಾಗ್ಲೂ ಔಷಧಿ ಹೊಡೀದಿರೋ ಮಾಲಾ?”

“ನನ್ನಾಣೆ ಅಕ್ಕಾ.”

“ಅದಕ್ಕೇ ಮತ್ತೆ. ಹುಟ್ಟಿದಾಗಿಂದ ಔಷಧಿ ಕುಡ್ಕೊಂಡೇ ಬೆಳೆದಿದ್ದು, ಪಾಪ. ಒಂದೇ ಸಲ ಬಿಡಿಸಿದ್ರೆ ತಡ್ಕೊಳುತ್ತಾ?”

ಹೆಚ್ಚು ಮಾತಾಡಲು ಅವಳಿಗೆ ಪುರುಸೊತ್ತಿರಲಿಲ್ಲ. ಹೂಕೋಸು ವಾಪಸ್ ಕೊಟ್ಟವರೆಲ್ಲ ಈಗ ಅವಳ ಗಾಡಿ ಸುತ್ತ ಜೀವಂತ ಹುಳ ಹುಡುಕುತ್ತಿದ್ದರು. ಆ ಗುಂಪು ಸೀಳಿಕೊಂಡು, ಚೀಲ ಹಿಡಿದು, ಸರಿಯಾಗಿ ಆರಕ್ಕೆ ಸಾಹುಕಾರರು ಹೊರಬಂದರು.

“ಲೇಬಲ್, ನೋಡೋ ಇಲ್ಲಿ! ಮನೆಗೆ ಅಂತ ತಗೊಂಡೆ. ಹುಳ ಹೆಂಗೆ ಓಡಾಡ್ತಿದೆ! ಸಾವಯವ ಅಂದ್ರೆ ಇದಪ್ಪ.”

ಆಮೇಲೆ ಅಂಗಡಿಯ ಕಡೆ ಕಣ್ಣು ಹೊರಳಿತು. ಬೀಗದ ಕೈಗೆ ಕೈ ಚಾಚಿದರು.

ಲೇಬಲ್ ಕೀಲಿ ಕೊಟ್ಟು ತಿರುಗಿದಾಗ, ಗುಂಪಿನ ಮಧ್ಯದಿಂದ ಅಕ್ಕ ಕೂಗಿ ಕೇಳಿದಳು.

“ಇನ್ನೊಂದ್ ಹುಳ ಕೊಡ್ಲೇನೋ?”