ಗೋಡೆ ನೋಡಲು ಹೋದವನು

ಮನೆಗೆ ಯಾರಾದರೂ ಬರುತ್ತಾರೆಂದರೆ ಮೊದಲು ಮನೆಯ ಮಾನ ಮುಚ್ಚುವುದು ನಮ್ಮೆಲ್ಲರ ಅಭ್ಯಾಸ. ಕಲಬುರಗಿಯ ನಮ್ಮ ಬಾಡಿಗೆ ಮನೆಯಲ್ಲಿ ಆ ಕೆಲಸವನ್ನು ನಮ್ಮ ಮದುವೆಯ ಫೋಟೋ ಮಾಡುತ್ತದೆ. ಗೋಡೆಯ ತೇವ ಕೆಳಗಿಳಿದಂತೆಲ್ಲ ಫೋಟೋವನ್ನೂ ಇಳಿಸುತ್ತ ಬಂದಿದ್ದೇವೆ. ಈಗ ಫೋಟೋದಲ್ಲಿರುವ ನಾವಿಬ್ಬರೂ ಕುರ್ಚಿಯ ಹಿಂದಿನಿಂದ ಇಣುಕುತ್ತಿದ್ದೇವೆ. ಇಂಥ ನಾನು ಜೂನಿಯರ್ ಇಂಜಿನಿಯರ್. ಜೋರು ಮಳೆಯಾದಾಗಲೆಲ್ಲ ಬಿದ್ದ ಮನೆಗಳನ್ನು ನೋಡಿ, ಎಷ್ಟು ಹಾನಿಯಾಗಿದೆ ಎಂದು ತೀರ್ಮಾನಿಸುವುದು ನನ್ನ ಪಾಲಿನ ಕೆಲಸ. "ಊರ ಮಂದಿ ಗ್ವಾಡಿ ನೋಡ್ಲಿಕ್ಕೆ ಹೋಗ್ತೀರಿ. ಸಂಜಿಗೆ ಮಾಲಕರು ಬರ್ತಾರ, ನಮ್ಮ ಗ್ವಾಡಿದೂ ಒಂದು ಮಾತ ಹೇಳ್ರಿ," ಎಂದು ಆವತ್ತು ಹೆಂಡತಿ ಬುತ್ತಿ ಕೈಗೆ ಕೊಟ್ಟು ಕಳಿಸಿದಳು.

ಕಮಲಾಪುರದ ಶಾಂತಾಬಾಯಿ ಎಂಬ ವಯಸ್ಸಾದ ಹೆಂಗಸಿನ ಮನೆಯ ಹಿಂದಿನ ಗೋಡೆ ಪೂರ್ತಿ ಬಿದ್ದಿದೆ ಎಂದು ಸುದ್ದಿ ಬಂದಿತ್ತು. ಹೋಗಿ ನೋಡಿದರೆ ಗೋಡೆ ನಿಂತಿದೆ! ಹಸಿ ಮಣ್ಣಿನಲ್ಲಿ ಕಲ್ಲು ಕೂಡಿಸಿ ಕಟ್ಟಿದ್ದರು. ನೆಲ ಸಾರಿಸಿ, ಬಾಗಿಲಿಗೆ ರಂಗೋಲಿ ಹಾಕಿ, ತಟ್ಟೆಯಲ್ಲಿ ಕೆಂಪು ಬಾಳೆಹಣ್ಣು ಇಟ್ಟಿದ್ದರು. ಹೆಣ್ಣು ನೋಡಲು ಬಂದವನಂತೆ ಚಾಪೆಯ ಮೇಲೆ ಕೂತೆ.

"ಎವ್ವಾ, ಬಿದ್ದ ಗ್ವಾಡಿ ಎಲ್ಲಿ ಅದ?"

"ಇದೇ ರೀ ಸಾಹೇಬ್ರ. ನೀವು ಬರ್ತೀರಂತ ನಿನ್ನೆ ನಾನೂ ಮಗಳೂ ಎತ್ತಿ ಕಟ್ಟೀವಿ. ಮನಿಗಿ ಬಂದವರಿಗೆ ಮಣ್ಣಿನ ಗುಂಪಿ ತೋರಸ್ಲೇನ್ರಿ?"

ಸರ್ಕಾರದ ಪರಿಹಾರ ಸಿಗಲು, ಬಿದ್ದ ಗೋಡೆಯ ಫೋಟೋ ನನ್ನ ಮೊಬೈಲಿನಲ್ಲಿ ಬೇಕು. ನಿಂತ ಗೋಡೆಗೆ ಪರಿಹಾರವಿಲ್ಲ, ಮುಂದಿನ ಮಳೆಗೆ ಅದು ಇವರ ಮೇಲೆಯೇ ಬೀಳುವುದು. ಇದನ್ನೆಲ್ಲ ಬಿಡಿಸಿ ಹೇಳಿದೆ. ಆಕೆ ಬಹಳ ಹೊತ್ತು ಗೋಡೆಯ ಮೇಲೆ ಕೈಯಾಡಿಸಿದಳು.

"ನಮ್ಮ ಮನಿಯವರು ಇದ್ದಾಗ ಹೊತ್ತು ತಂದ ಕಲ್ಲು ರೀ ಇವು. ಒಮ್ಮೆ ಬಿದ್ದದ್ದು ನೋಡೀನಿ. ಮತ್ತ ನನ್ನ ಕೈಲೆ ಕೆಡವಲಿಕ್ಕೆ ಆಗಂಗಿಲ್ಲ. ನೀವೇ ಕೆಡವ್ರಿ," ಎಂದು ಒಳಗೆ ಹೋದಳು.

ಕಟ್ಟುವ ವಿದ್ಯೆ ಓದಿದವನು ನಾನು. ಅಂಗೈ ಇಟ್ಟು ನೂಕಿದೆ, ಗೋಡೆ ಸುಮ್ಮನೆ ಕುಸಿಯಿತು. ಆ ಸಪ್ಪಳಕ್ಕೆ ಆಕೆ ಒಳಗಿನಿಂದ "ಅಯ್ಯೋ" ಎಂದಳು. ಮಣ್ಣುಗೈಯಲ್ಲೇ ಫೋಟೋ ತೆಗೆದೆ. ಆಮೇಲೆ ಚಹಾ ತಂದ ಶಾಂತಾಬಾಯಿ ಗೋಡೆಯ ಕಡೆ ನೋಡಲೇ ಇಲ್ಲ. "ಮಣ್ಣು ಹತ್ತ್ಯದ, ಕೈ ತೊಳ್ಕೋರಿ," ಎಂದು ನನ್ನ ಕೈಗೆ ನೀರು ಹಾಕಿದಳು. ಗೋಡೆ ಪೂರ್ತಿ ಬಿದ್ದಿದೆ ಎಂದು ಬರೆದುಕೊಂಡು ಬಸ್ಸು ಹತ್ತಿದೆ.

ಸಂಜೆ ಮಾಲೀಕರು ಬಂದರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಗೋಡೆ ತೋರಿಸುತ್ತಿದ್ದಳು.

"ಮಳಿಗೆ ಏನರ ತ್ರಾಸ ಆಗ್ಯದೇನ್ರಿ?" ಎಂದು ಮಾಲೀಕರು ತಾವಾಗಿಯೇ ಕೇಳಿದರು.

ಎಷ್ಟಾದರೂ ಅವರು ಮನೆಗೆ ಬಂದವರು. "ಏನಿಲ್ರಿ, ಎಲ್ಲಾ ಛಲೋ ಅದ," ಎಂದೆ, ಮದುವೆಯ ಫೋಟೋ ಜಾರದಂತೆ ಬೆನ್ನಿನಿಂದ ಒತ್ತಿ ಹಿಡಿದುಕೊಂಡು.