ಅಧ್ಯಕ್ಷರ ಗಂಟಲು

ದೇವರು ವೆಂಡೆಲ್ ಟಟಲ್‌ಗೆ ಕೊಟ್ಟಿದ್ದು ಒಂದೇ ವಿದ್ಯೆ, ಅದೂ ಕಾಸಿಗೆ ಬಾರದ್ದು. ಅಧ್ಯಕ್ಷರ ಧ್ವನಿಯನ್ನು ಅವನು ಥೇಟ್ ಅನುಕರಿಸುತ್ತಿದ್ದ. ಹೊಟ್ಟೆಪಾಡಿಗೆ ಮಾಡುತ್ತಿದ್ದುದು ಮಾತ್ರ ಅಧ್ಯಕ್ಷರ ಕಚೇರಿಯ ಗಡಿಯಾರಗಳಿಗೆ ಶುಕ್ರವಾರಕ್ಕೊಮ್ಮೆ ಕೀಲಿ ಕೊಡುವ ಕೆಲಸ. ಹನ್ನೊಂದು ವರ್ಷದಲ್ಲಿ ವಾಷಿಂಗ್ಟನ್ನಿಗೆ ಬೇರೆ ಬೇರೆ ಅಧ್ಯಕ್ಷರು ಬಂದರು, ಕೀಲಿ ಅದೇ ಇತ್ತು.

1974ರ ಆ ಶುಕ್ರವಾರ ಅವನು ಟೈಪಿಂಗ್ ಕೋಣೆಗೆ ಬಂದಾಗ ಹತ್ತು ಜನ ಹೆಡ್‌ಫೋನ್ ಸಿಕ್ಕಿಸಿಕೊಂಡು ಟೈಪ್ ಕುಟ್ಟುತ್ತಿದ್ದರು. ಅಧ್ಯಕ್ಷರು ಮೂರು ವರ್ಷದ ಹಿಂದೆ ತಮ್ಮ ಕೋಣೆಯಲ್ಲಿ ಗುಟ್ಟಾಗಿ ಟೇಪು ಯಂತ್ರ ಇಡಿಸಿದ್ದರು. ಸದ್ದು ಕೇಳಿದರೆ ಸಾಕು, ಅದು ತಾನೇ ಚಾಲೂ ಆಗುತ್ತಿತ್ತು. ಈಗ ನ್ಯಾಯಾಲಯ ಅದನ್ನೆಲ್ಲ ಬರೆದುಕೊಡಿ ಎಂದು ಪಟ್ಟು ಹಿಡಿದಿತ್ತು.

"ಬೀಗರೇ, ಬನ್ನಿ ಇಲ್ಲಿ!" ಎಂದು ಟೈಪಿಸ್ಟ್ ಸ್ತಾಸಿಯಾ ಕೂಗಿದಳು. ಅವಳದು ಪೋಲೆಂಡಿನಿಂದ ಬಂದ ಮನೆತನ. ಮರುದಿನವೇ ಅವಳ ಮಗನಿಗೂ ವೆಂಡೆಲ್‌ನ ಮಗಳು ಡಾರ್ಲೀನ್‌ಗೂ ಮದುವೆ. ಅತ್ತು ಅತ್ತು ಅವಳ ಮೂಗು ಕೆಂಪಗಾಗಿತ್ತು. "ಕೇಳಿ ಇದನ್ನ! ಈ ಮನುಷ್ಯನ ಚುನಾವಣೆಗೆ ಐವತ್ತು ಡಾಲರ್ ಕೊಟ್ಟಿದ್ದೆ ನಾನು!"

ವೆಂಡೆಲ್ ಹೆಡ್‌ಫೋನ್ ಹಾಕಿಕೊಂಡ. ಮೊದಲು ಕರ್‍ರ್ ಕರ್‍ರ್ ಸದ್ದು. ಆಮೇಲೆ ಅಧ್ಯಕ್ಷರ ಧ್ವನಿ: "ಈ ಪೋಲಿಷ್ ಜನ ಇದಾರಲ್ಲ, ಗೇಟಿಗೇ ಎಲೆಕೋಸಿನ ನಾತ! ಬೆಳ್ಳುಳ್ಳಿ ಸಾಸೇಜು ತಿಂದು ಕುಣಿಯೋಕೆ ಮುನ್ನೂರು ಜನ ಬರ್ತಾರೆ. ಖರ್ಚಿಗೆ ನಮ್ಮ ಗುತ್ತಿಗೆ ಬೇಕಿರೋ ಕಾರ್ಪೆಟ್ ಕಂಪನಿಯೋರನ್ನ ಕರೀರಿ. ಚೀಲದಲ್ಲಿ ನೋಟು ತರಲಿ. ಯಾರಿಗೂ ತಿಳೀಬಾರ್ದು!"

ವೆಂಡೆಲ್ ತನ್ನ ಕೈಯಲ್ಲಿದ್ದ ಕೀಲಿಯನ್ನು ನೋಡಿಕೊಂಡ. ಆ ಕರ್‍ರ್ ಕರ್‍ರ್ ಅವನದೇ ಕೀಲಿ. ಹೋದ ವರ್ಷ ಮಗಳ ನಿಶ್ಚಿತಾರ್ಥದ ಮರುದಿನ, ಮದುವೆ ಖರ್ಚಿನ ಹೊಟ್ಟೆಯುರಿಯನ್ನು ಅಧ್ಯಕ್ಷರ ಖಾಲಿ ಕೋಣೆಯಲ್ಲಿ ಗಡಿಯಾರದ ಮುಂದೆ ಹೀಗೆ ಕಕ್ಕಿದ್ದ. ಧ್ವನಿ ಅಧ್ಯಕ್ಷರದು, ಹೊಟ್ಟೆಯೊಳಗಿನ ಕಿಲುಬು ಮಾತ್ರ ಪೂರ್ತಿ ಅವನದೇ.

"ಅದೇನು ಕರ್‍ರ್ ಅಂತ?" ಪಕ್ಕದ ಮೇಜಿನ ಫ್ಲಾಯ್ಡ್ ಕಿವಿ ತೂರಿಸಿದ. "ತಿಜೋರಿ ತಿರುಗಿಸ್ತಿರೋದು! ಬರ್ಕೋ ಸ್ತಾಸಿಯಾ, ತಿಜೋರಿ."

"ಅಲ್ಲಪ್ಪಾ, ದುಡ್ಡಿನ ಚೀಲದ ಜಿಪ್ಪು," ಎಂದಿತು ಇನ್ನೊಂದು ಮೇಜು.

"ಇಲಿ ಇರಬಹುದು," ಎಂದ ವೆಂಡೆಲ್ ಬೆವರು ಒರೆಸಿಕೊಳ್ಳುತ್ತ. "ಅಳಿಸಿಬಿಟ್ರೆ ಆಗಲ್ವಾ?"

"ಅಳಿಸೋದಾ! ನಾಳೆ ಪೇಪರಿಗೆ ಹೋಗ್ಲಿ, ಈ ಒಂದು ಹಾಳೆಗೇ ಅವನ ಕುರ್ಚಿ ಹೋಗುತ್ತೆ!" ಸ್ತಾಸಿಯಾ ಅವನ ಕೈ ಹಿಡಿದುಕೊಂಡಳು. "ನೀವು ದೇವರಂಥೋರು ಬೀಗರೇ. ನಮ್ಮೋರ ಬಗ್ಗೆ ಒಂದು ದಿನ ಕೆಟ್ಟ ಮಾತಾಡಿಲ್ಲ."

ಇದಕ್ಕಿಂತ ಅವಳು ಕೆನ್ನೆಗೆ ಬಾರಿಸಿದ್ದರೆ ವಾಸಿಯಿತ್ತು. ಹೇಳಿದರೆ ಮಗಳ ಮದುವೆ ಮುರಿಯುತ್ತದೆ, ಹೇಳದಿದ್ದರೆ ತಾನು ಆಡಿದ ಮಾತಿಗೆ ದೇಶದ ಅಧ್ಯಕ್ಷರು ಮನೆಗೆ ಹೋಗುತ್ತಾರೆ. ವಕೀಲರಿಗೆ ಗುಟ್ಟಾಗಿ ಹೇಳಿ ಆ ಎರಡು ನಿಮಿಷ ತೆಗೆಸಿಬಿಟ್ಟರೆ? ವೆಂಡೆಲ್ ಕೀಲಿ ಜೇಬಿಗಿಳಿಸಿ ಅಧ್ಯಕ್ಷರ ವಕೀಲ ಥಾರ್ನ್‌ಬರಿಯವರ ಕೋಣೆಗೆ ಓಡಿದ.

"ಸಾರ್, ಆ ಪೋಲಿಷ್ ಜನದ ಮಾತು ಅಧ್ಯಕ್ಷರದಲ್ಲ. ನಂದು."

"ಹೋಗಯ್ಯಾ, ಕೆಲಸ ನೋಡು," ಎಂದರು ಥಾರ್ನ್‌ಬರಿ ತಲೆಯೆತ್ತದೆ. ಮೂರು ವಾರದಿಂದ ನಿದ್ದೆಗೆಟ್ಟ ಮುಖ.

ವೆಂಡೆಲ್ ಗಂಟಲು ಸರಿಮಾಡಿಕೊಂಡು ಅಧ್ಯಕ್ಷರ ಧ್ವನಿಯಲ್ಲಿ, "ಥಾರ್ನ್‌ಬರಿ, ಕಿಟಕಿ ಮುಚ್ಚಿ!" ಎಂದ.

ವಕೀಲರು ತಟಕ್ಕನೆ ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಕಿಟಕಿ ಮುಚ್ಚಿದರು. ಆಮೇಲೆ ತಿರುಗಿ ನೋಡಿದರು. ಅವರ ಮುಖದಲ್ಲಿ ಮೆಲ್ಲಗೆ ಬೆಳಕು ಮೂಡಿತು.

"ಆ ಕೋಣೆಗೆ ಎಷ್ಟು ವರ್ಷದಿಂದ ಹೋಗ್ತಿದೀಯ?"

"ಹನ್ನೊಂದು ವರ್ಷ ಸಾರ್."

"ಒಬ್ಬನೇ?"

"ಒಬ್ಬನೇ. ನೀವು ಆ ಎರಡು ನಿಮಿಷ ಸದ್ದಿಲ್ದೆ ತೆಗೆಸಿಬಿಟ್ರೆ..."

"ಎರಡೇ ನಿಮಿಷ ಯಾಕಪ್ಪಾ!" ವಕೀಲರು ಅವನನ್ನು ಬಾಚಿ ತಬ್ಬಿಕೊಂಡರು. "ಮಹಾನುಭಾವ! ಎಲ್ಲಾ ಟೇಪೂ ನಿಂದೇ!"

"ಅಯ್ಯೋ ಇಲ್ಲ ಸಾರ್! ನಾನು ಶುಕ್ರವಾರ ಮಾತ್ರ..."

"ನೆನಪು ಮಾಡ್ಕೋ. ಪೆನ್ಷನ್ ನೆನಪು ಮಾಡ್ಕೊಂಡ್ರೆ ಉಳಿದದ್ದೂ ನೆನಪಾಗುತ್ತೆ," ಎನ್ನುತ್ತ ಥಾರ್ನ್‌ಬರಿ ಅವನ ತೋಳು ಹಿಡಿದು ಟೈಪಿಂಗ್ ಕೋಣೆಗೆ ದರದರ ಎಳೆದುಕೊಂಡು ಬಂದರು.

"ಎಲ್ರೂ ಟೈಪು ನಿಲ್ಸಿ! ಅಧ್ಯಕ್ಷರು ಒಂದೇ ಒಂದು ಕೆಟ್ಟ ಮಾತಾಡಿಲ್ಲ. ಬೈಗುಳ, ಲಂಚ, ಯಹೂದಿಗಳಿಗೆ ಅಂದಿದ್ದು, ಇಟಲಿಯೋರಿಗೆ ಅಂದಿದ್ದು, ಪೋಲಿಷ್ ಜನಕ್ಕೆ ಅಂದಿದ್ದು, ಮೂರು ವರ್ಷದ ಅಷ್ಟೂ ಮಾತು ಈ ಮನುಷ್ಯಂದು!"

ಹತ್ತು ಹೆಡ್‌ಫೋನುಗಳು ಒಟ್ಟಿಗೆ ಕೆಳಗಿಳಿದವು. ಫ್ಲಾಯ್ಡ್ ಆಗಲೇ ತನ್ನ ಕುರ್ಚಿಯನ್ನು ಒಂದು ಗೇಣು ದೂರ ಸರಿಸಿಕೊಂಡಿದ್ದ.

ಸ್ತಾಸಿಯಾ ಎದ್ದು ನಿಂತಳು. ಅವಳಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. "ಸುಳ್ಳು. ನಮ್ಮ ಬೀಗರು ಅಂಥೋರಲ್ಲ. ಹೇಳಿ ಬೀಗರೇ, ನಿಮ್ಮ ಬಾಯಲ್ಲೇ ಹೇಳಿ, ಇದು ನೀವಲ್ಲ ಅಂತ!"

ಒಂದೇ ಒಂದು ಮಾತು ಸಾಕಿತ್ತು, ಡಾರ್ಲೀನ್‌ಳ ಮದುವೆ ಉಳಿಯುತ್ತಿತ್ತು. ವೆಂಡೆಲ್ ಬಾಯಿ ತೆರೆದ. ಭಯಕ್ಕೆ ಗಂಟಲು ಒಣಗಿ, ಕಟ್ಟಿ, ಕೊನೆಗೊಮ್ಮೆ ಬಿಟ್ಟುಕೊಂಡಿತು.

"ನಾನೇನೂ ತಪ್ಪು ಮಾಡಿಲ್ಲ!" ಎಂದು ಕೋಣೆಯ ತುಂಬ ಗುಡುಗಿತು, ಅಧ್ಯಕ್ಷರ ಧ್ವನಿ.