ಸೋಮವಾರ ಮಾತ್ರ ಬಾರದಿರಿ: ಬಂಗುಡೆ ಮಹಾಶಯರಲ್ಲಿ ಬಿನ್ನಹ

ಕಿರಿಮಂಜೇಶ್ವರದ ಕಡಲಕರೆ,
ಮಾರ್ಚಿ ೧೯೪೭

ಅರಬ್ಬೀ ಸಮುದ್ರದ ನಿತ್ಯನಿವಾಸಿಗಳೂ ಈ ಊರಿನ ಸಕಲ ಒಲೆಗಳ ಆಪ್ತಬಂಧುಗಳೂ ಆದ ಮಹಾರಾಜಶ್ರೀ ಬಂಗುಡೆ ಮೀನುಗಳ ಸನ್ನಿಧಾನಕ್ಕೆ, ಇಲ್ಲಿನ ಶಾಲೆಯ ಏಕಮಾತ್ರ ಮಾಸ್ತರನೂ ಹುಟ್ಟಾ ಸಸ್ಯಾಹಾರಿಯೂ ಆದ ಸಾಲಿಗ್ರಾಮದ ಹಿರಿಯಣ್ಣ ಉರಾಳನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಮಗೂ ನನಗೂ ಊಟದ ಸಂಬಂಧವಿಲ್ಲ. ಆದರೂ ತಾವು ನನ್ನ ಅನ್ನಕ್ಕೆ ಕಲ್ಲು ಹಾಕುತ್ತಿದ್ದೀರೆಂದು ಅತ್ಯಂತ ವಿನಯದಿಂದ ತಿಳಿಸಲು ಈ ಪತ್ರ. ಮೊನ್ನೆ ಬುಧವಾರ ಬೆಳಿಗ್ಗೆ ನಾನು ಕರಿಹಲಗೆಯ ಮೇಲೆ "ವಿದ್ಯೆ ಇಲ್ಲದವನ ಮುಖ ಹಾಳೂರ ಹದ್ದಿನಂತೆ" ಎಂದು ದುಂಡಗೆ ಬರೆದು ತಿರುಗುವಷ್ಟರಲ್ಲಿ, ತಾವು ದಡದ ಹತ್ತಿರ ಬಂದಿರೆಂದು ಕೂಗೆದ್ದು, ಮೂವತ್ತೆರಡು ಮಕ್ಕಳಲ್ಲಿ ಒಂದೂ ಉಳಿಯಲಿಲ್ಲ. ಹೊರಗೆ ಬಂದು ನೋಡಿದರೆ ಹದ್ದುಗಳೂ ತಮ್ಮ ಕೃಪೆಯಿಂದ ನನಗಿಂತ ಹೊಟ್ಟೆತುಂಬ ಉಣ್ಣುತ್ತಿದ್ದವು.

ತಮ್ಮ ಸಾಮರ್ಥ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮಕ್ಕಳಲ್ಲಿ ಆಸಕ್ತಿ ಹುಟ್ಟಿಸುವ ಕ್ರಮಗಳನ್ನು ಟ್ರೈನಿಂಗ್ ಶಾಲೆಯಲ್ಲಿ ಎರಡು ವರ್ಷ ಬಾಯಿಪಾಠ ಮಾಡಿದವನು ನಾನು; ಬೆತ್ತವೂ ಉಂಟು, ಭೂಪಟವೂ ಉಂಟು. ಆದರೂ ಏಳೆಂಟಲ ಎಷ್ಟೆಂದು ಕೇಳಿದರೆ ಮಾಡಿನ ಹಂಚು ನೋಡುವ ತಿಮ್ಮನ ಮಗ, ತಮ್ಮ ರಾಶಿಯ ಮುಂದೆ ನಿಂತನೆಂದರೆ ಎಂಬತ್ತು ಮಂದಿಯ ಪಾಲನ್ನು ಒಂದು ಮೀನೂ ತಪ್ಪದಂತೆ ಬಾಯಲ್ಲೇ ಹೇಳುತ್ತಾನೆ. ತಾವು ಸರ್ಟಿಫಿಕೇಟು ತೋರಿಸಿದವರಲ್ಲ, ಇನ್ಸ್‌ಪೆಕ್ಟರರ ಮುಂದೆ ಕೈಕಟ್ಟಿ ನಿಂತವರಲ್ಲ. ಎಳೆದವನಿಗೆ ಎಳೆದ ದಿನವೇ ಪಾಲು, ಅಷ್ಟೇ ತಮ್ಮ ಶಿಕ್ಷಣಶಾಸ್ತ್ರ. ಆದ್ದರಿಂದ ಗಣಿತದ ಪಾಠವನ್ನು ಇನ್ನು ತಾವೇ ವಹಿಸಿಕೊಂಡು, ದುಡಿದ ತಿಂಗಳಲ್ಲೇ ಸಂಬಳ ಕೊಡುವುದು ಹೇಗೆಂದು ನಮ್ಮ ಇಲಾಖೆಗೂ ನಾಲ್ಕಕ್ಷರ ಕಲಿಸಬೇಕೆಂದು ಪ್ರಾರ್ಥನೆ.

ಇನ್ನು ನನ್ನ ಮಾನ ಹೋದ ಸಂಗತಿ. ಅಂದು ಮಕ್ಕಳನ್ನು ಹಿಡಿದು ತರಲೆಂದು ಓಡಿದ ನಾನು, ರಂಪಣಿ ಬಲೆಯ ಹಗ್ಗಕ್ಕೆ ಜೋತುಬಿದ್ದಿದ್ದ ಅದೇ ತಿಮ್ಮನ ಮಗನನ್ನು ಬಿಡಿಸಲು ಹೋಗಿ ಹಗ್ಗವನ್ನೇ ಹಿಡಿದೆ. ಹುಡುಗ ನುಣುಚಿಕೊಂಡ, ಹಿಂದೆ ಮುಂದೆ ಎಳೆಯುವವರ ನಡುವೆ ಸಿಕ್ಕಿದ ನಾನು ಬಲೆ ದಡ ಸೇರುವವರೆಗೂ ಎಳೆದೆ. ಹಗ್ಗ ಎಳೆದವನಿಗೆ ಪಾಲು ತಪ್ಪಿಸಬಾರದೆಂಬುದು ಇಲ್ಲಿನ ಕಟ್ಟಳೆ. ಬ್ರಾಹ್ಮಣನ ಕೈಗೆ ಮೀನು ಕೊಡುವುದು ಹೇಗೆಂದು ತಂಡದ ಯಜಮಾನ ಸೂರ ನನ್ನ ಪಾಲನ್ನು ಅಲ್ಲೇ ಮಾರಿಸಿ, ಏಳು ರೂಪಾಯಿಯನ್ನು ನನ್ನ ಶಾಲಿನ ತುದಿಗೆ ಕಟ್ಟಿದ. ತುಟ್ಟಿಭತ್ಯೆ ಸೇರಿಸಿ ತಿಂಗಳಿಗೆ ಇಪ್ಪತ್ತನಾಲ್ಕು ಕಾಣುವವನಿಗೆ ಒಂದು ಬೆಳಗಿಗೆ ಏಳು! ನನ್ನ ಹೆಂಡತಿ ಗೋಮತಿ ನನ್ನನ್ನು ಬಾವಿಕಟ್ಟೆಯಲ್ಲಿ ನಿಲ್ಲಿಸಿ ಹನ್ನೆರಡು ಕೊಡ ನೀರು ಹೊಯ್ದಳು. ರೂಪಾಯಿಗಳು ಮಾತ್ರ ಒಂದೇ ಚೆಂಬು ನೀರಿಗೆ ಶುದ್ಧವಾಗಿ ಒಳಗೆ ಹೋದವು.

ನಗೆಯಾಡಿದ್ದು ಸಾಕು. ಸುಗುಣ ಎಂಬ ಹುಡುಗಿಯೊಬ್ಬಳಿದ್ದಾಳೆ. ನಮ್ಮ ಶಾಲೆಯ ಐದನೆಯದು ಮುಗಿದ ಮೇಲೂ ಮೂರು ವರ್ಷ ನಾನೇ ಸಂಜೆ ಪಾಠ ಹೇಳಿ ಅವಳನ್ನು ಎಂಟನೆಯ ಪರೀಕ್ಷೆಗೆ ಕಟ್ಟಿಸಿದ್ದೇನೆ. ಬರುವ ಸೋಮವಾರ ಕುಂದಾಪುರದಲ್ಲಿ ಪರೀಕ್ಷೆ, ಪಾಸಾದರೆ ಟ್ರೈನಿಂಗಿಗೆ ಹೋಗಿ ಟೀಚರಾಗಬಹುದು. ಆದರೆ ಅಂದು ತಾವು ದಯಮಾಡಿಸಿದರೆ ಅವಳು ತಾಯಿಯ ಜೊತೆ ಮೀನಿನ ಹೆಡಿಗೆ ಹೊತ್ತು ಬೈಂದೂರಿಗೆ ನಡೆಯಬೇಕು. ಅದೊಂದು ದಿನ ಬಿಡಮ್ಮ ಎಂದು ಹೇಳಹೋದ ನನಗೆ ತಾಯಿ ಬೆಳ್ಳಿ, "ಹ್ವಾಯ್ ಮಾಸ್ಟ್ರೇ, ನಿಮ್ಮಷ್ಟ್ ಓದ್ರೆ ನಿಮ್ಮಷ್ಟೇ ಸಂಬ್ಳ ಅಲ್ದಾ? ನೀವೇ ಮೊನ್ನೆ ಹಗ್ಗ ಎಳುಕೆ ಬಂದ್ರಿ. ಮತ್ತ್ ಈ ಹೆಣ್ಣ್ ಎಂತಕ್ಕೆ ಓದ್ಕ್?" ಎಂದಳು. ನನಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಆದರೂ ಪುಸ್ತಕ ತೆರೆದಾಗ ಆ ಹುಡುಗಿಯ ಮುಖ ಹೇಗಾಗುತ್ತದೆಂದು ನೋಡಿದವನು ನಾನು, ಬೆಳ್ಳಿಯಲ್ಲ.

ಆದ್ದರಿಂದ ಮಾನ್ಯರು ಸೋಮವಾರದ ಮಟ್ಟಿಗೆ ಭಟ್ಕಳದ ಕಡೆಗೋ ಮಲ್ಪೆಯ ಕಡೆಗೋ ಸವಾರಿ ಬೆಳೆಸಬೇಕು. ಮಂಗಳವಾರದಿಂದ ದಿನವೂ ಬನ್ನಿ, ಶಾಲೆಯ ಬಾಗಿಲನ್ನು ನಾನೇ ತೆರೆದಿಡುತ್ತೇನೆ. ಹೇಳಿದ ಮಾತು ಕೇಳುವ ಜಾತಿ ತಮ್ಮದಲ್ಲ ಎಂಬುದೂ ಗೊತ್ತುಂಟು.

ಇಂತು, ತಮ್ಮನ್ನು ಈ ಜನ್ಮದಲ್ಲಿ ತಿನ್ನದಿರುವ ಕಾರಣ
ತಮ್ಮ ನಿಜವಾದ ವಿಶ್ವಾಸಿ,
ಹಿರಿಯಣ್ಣ ಉರಾಳ

ಮರೆತ ಮಾತು: ಸೋಮವಾರ ತಾವು ಬಂದೇ ಬಂದರೂ ಗೋಮತಿ ಆ ಹುಡುಗಿಯನ್ನು ಮೊದಲ ಬಸ್ಸಿಗೆ ಕುಂದಾಪುರಕ್ಕೆ ಕರೆದೊಯ್ಯುತ್ತಾಳೆ. ಸುಗುಣಳ ಹೆಡಿಗೆಯನ್ನು ಬೈಂದೂರಿನ ತನಕ ನಾನು ಹೊರುತ್ತೇನೆಂದು ಬೆಳ್ಳಿಗೆ ಮಾತು ಕೊಟ್ಟಾಗಿದೆ. ಸಾಲಿಗ್ರಾಮದಲ್ಲಿ ದೇವರ ಪೂಜೆ ಮಾಡಿಕೊಂಡಿರುವ ನನ್ನ ಅಣ್ಣ ನನ್ನನ್ನು ಪಂಕ್ತಿಯಿಂದ ಎಬ್ಬಿಸಿದರೆ ಎಬ್ಬಿಸಲಿ. ಇಲಾಖೆಯವರು ಗೈರುಹಾಜರಿ ಹಾಕಿ ಒಂದು ದಿನದ ಸಂಬಳ ಮುರಿದುಕೊಂಡರೆ ಮುರಿದುಕೊಳ್ಳಲಿ. ಹೆಡಿಗೆ ಹೊತ್ತದ್ದಕ್ಕೆ ಬೆಳ್ಳಿ ಕೊಡುವ ಕೂಲಿ ಅದಕ್ಕಿಂತ ನಾಲ್ಕಾಣೆ ಹೆಚ್ಚೇ ಉಂಟು.